ಗೇರಿಗಿಂತ ಮೊದಲು ಬ್ರೇಕು: ಮರಿನ್ ಕೌಂಟಿಯ ಕ್ಲಂಕರ್ ಸೈಕಲ್ಲುಗಳ ಕುರಿತು ಒಂದು ಮರುವಿಚಾರ

ಹಳೆಯ ಶ್ವಿನ್ ಎಕ್ಸೆಲ್ಸಿಯರ್ ಫ್ರೇಮಿಗೆ ಡಿರೈಲರ್ ಗೇರನ್ನು ಮೊದಲು ಕೂಡಿಸಿದವರು ಯಾರು? ಮೌಂಟನ್ ಬೈಕಿನ ಚರಿತ್ರೆ ಬರೆದ ಹಲವರು ಈ ಒಂದು ಪ್ರಶ್ನೆಯ ಸುತ್ತಲೇ ಸುತ್ತಿದ್ದಾರೆ. ಒಂದು ಪಕ್ಷ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಗ್ಯಾರಿ ಫಿಶರ್ ಹೆಸರನ್ನು ಹೇಳುತ್ತದೆ. ಇನ್ನೊಂದು ಪಕ್ಷ 1974ರ ಡಿಸೆಂಬರ್ 1ರಂದು ಮಿಲ್ ವ್ಯಾಲಿಯಲ್ಲಿ ನಡೆದ ಸೈಕ್ಲೋಕ್ರಾಸ್ ಸ್ಪರ್ಧೆಯನ್ನು ಮುಂದಿಡುತ್ತದೆ. ಕುಪರ್ಟಿನೋ ಕಡೆಯ ಮಾರೋ ಡರ್ಟ್ ಕ್ಲಬ್ಬಿನವರು ಅಂದು ದಪ್ಪ ಟಯರಿನ ಗೇರು ಸೈಕಲ್ಲುಗಳೊಡನೆ ಬಂದಿದ್ದರು. ಮರಿನ್‌ನವರು ಅವನ್ನು ಕಣ್ಣಾರೆ ಕಂಡಿದ್ದರು. ಎರಡೂ ಪಕ್ಷದವರು ಗೇರಿನ ಮೇಲೆ ಕಣ್ಣು ನೆಟ್ಟು, ಅದೇ ಸೈಕಲ್ಲುಗಳಲ್ಲಿದ್ದ ಡ್ರಮ್ ಬ್ರೇಕುಗಳನ್ನು ಬಿಡಿಭಾಗಗಳ ಪಟ್ಟಿಗೆ ಸೇರಿಸಿ ಮುಂದೆ ಹೋಗಿದ್ದಾರೆ. ಆ ಸ್ಪರ್ಧೆಯ ಮುಖ್ಯ ಸಾಕ್ಷ್ಯ ಆ ಬ್ರೇಕುಗಳೇ ಎಂಬುದು ನನ್ನ ವಾದ.

ಶ್ವಿನ್ ಕಂಪನಿ 1933ರಲ್ಲಿ ಅಮೆರಿಕದಲ್ಲಿ ಬಳಕೆಗೆ ತಂದ ಬಲೂನ್ ಟಯರಿನ ಕ್ರೂಸರಿಗೆ ಒಂದೇ ಗೇರು, ಹಿಂದಿನ ಹಬ್ಬಿನೊಳಗೆ ಕೋಸ್ಟರ್ ಬ್ರೇಕು. ಪೆಡಲನ್ನು ಹಿಂದಕ್ಕೆ ತುಳಿದರೆ ಚೈನಿನ ಕೆಳಗಿನ ಎಳೆ ಬಿಗಿಯಾಗಿ ಹಬ್ಬನ್ನು ಎಳೆಯುತ್ತದೆ, ಚಕ್ರ ನಿಲ್ಲುತ್ತದೆ. ಡಿರೈಲರ್ ಕೂರುವುದು ಸರಿಯಾಗಿ ಆ ಕೆಳಗಿನ ಎಳೆಯ ಮೇಲೆಯೇ. ಚೈನಿನ ಸಡಿಲನ್ನು ನುಂಗುವುದಕ್ಕೆಂದೇ ಅದರ ಸ್ಪ್ರಿಂಗ್ ತೋಳು ಇರುವುದರಿಂದ, ಹಿಂದಕ್ಕೆ ತುಳಿದ ಬಲವನ್ನು ಅದು ತಾಳಲಾರದು. ಆದ್ದರಿಂದ ಡಿರೈಲರ್ ಹಾಕಬೇಕಾದರೆ ಕೋಸ್ಟರ್ ಬ್ರೇಕನ್ನು ಕಿತ್ತು ಬೇರೊಂದು ಬ್ರೇಕಿಗೆ ದಾರಿ ಮಾಡಲೇಬೇಕು. ಆ ಬದಲಿ ಬ್ರೇಕು ಯಾವುದಾಗಬಹುದಿತ್ತು ಎಂಬುದಕ್ಕೆ ಫ್ರೇಮಿನ ಎಡಗಡೆಯ ಚೈನ್‌ಸ್ಟೇ ಉತ್ತರ ಕೊಡುತ್ತದೆ. ಕೋಸ್ಟರ್ ಹಬ್ಬಿನ ಲೋಹದ ತೋಳನ್ನು ಅಲ್ಲಿಗೆ ಒಂದು ಪಟ್ಟಿಯಿಂದ ಬಿಗಿಯುತ್ತಿದ್ದರು. ಡ್ರಮ್ ಬ್ರೇಕಿಗೂ ಅಂಥದೇ ತೋಳು, ಅದಕ್ಕೂ ಅದೇ ಜಾಗ ಸಾಕು. ರಿಮ್ಮನ್ನು ಹಿಡಿಯುವ ಕ್ಯಾಂಟಿಲಿವರ್ ಬ್ರೇಕಾದರೆ ಫ್ರೇಮಿಗೆ ಗೂಟಗಳನ್ನು ಬೆಸೆಯಬೇಕು. ಅಲ್ಲದೆ ಹಳೆಯ ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರಿಗೆ ಸುಲಭವಾಗಿ ಸಿಕ್ಕುವುದಿಲ್ಲ. ಮಿಲ್ ವ್ಯಾಲಿಯ ಸೈಕಲ್ಲುಗಳಲ್ಲಿ ಡಿರೈಲರೂ ಡ್ರಮ್ ಬ್ರೇಕೂ ಜೊತೆಜೊತೆಯಾಗಿ ಕಾಣಿಸಿಕೊಂಡದ್ದು ಆಕಸ್ಮಿಕವಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ: ಕೋಸ್ಟರ್ ಬ್ರೇಕನ್ನು ಉಳಿಸಿಕೊಂಡೇ ಗೇರು ಪಡೆಯಬಹುದಿತ್ತಲ್ಲ? ಹೌದು, ಬೆಂಡಿಕ್ಸ್ ಕಂಪನಿಯ ಎರಡು ಗೇರಿನ ಕೋಸ್ಟರ್ ಹಬ್ ಆಗಲೇ ಮಾರುಕಟ್ಟೆಯಲ್ಲಿತ್ತು. ಆದರೆ ಈ ಆಕ್ಷೇಪ ನನ್ನ ವಾದವನ್ನೇ ಗಟ್ಟಿಮಾಡುತ್ತದೆ. ಕೊಂಚ ಗೇರಷ್ಟೇ ಬೇಕಾಗಿದ್ದವರಿಗೆ ಬ್ರೇಕು ಕಿತ್ತುಹಾಕುವ ಗೊಡವೆ ಇರಲಿಲ್ಲ. ಕಿತ್ತುಹಾಕಿದವರಿಗೆ ಆ ಬ್ರೇಕಿನಿಂದಲೇ ಬಿಡುಗಡೆ ಬೇಕಿತ್ತು. ಏಕೆ ಬೇಕಿತ್ತೆಂಬುದನ್ನು ಫೇರ್‌ಫ್ಯಾಕ್ಸ್ ಬಳಿಯ ರೀಪ್ಯಾಕ್ ಇಳಿಜಾರು ತೋರಿಸುತ್ತದೆ. ಸುಮಾರು ಎರಡು ಮೈಲಿಯಲ್ಲಿ 1,300 ಅಡಿ ಇಳಿಯುವ ಆ ಮಣ್ಣುದಾರಿಯಲ್ಲಿ ಕೋಸ್ಟರ್ ಹಬ್ ಕಾದು ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಕೆಳಗಿಳಿದ ಮೇಲೆ ಹಬ್ಬನ್ನು ಬಿಚ್ಚಿ ಹೊಸ ಗ್ರೀಸು ತುಂಬಬೇಕಿತ್ತು; ದಾರಿಗೆ ಹೆಸರು ಬಂದದ್ದೂ ಅದರಿಂದಲೇ. ಇದನ್ನು ತಮಾಷೆಯ ಕತೆಯಾಗಿ ಹೇಳುವುದು ವಾಡಿಕೆಯಾಗಿಬಿಟ್ಟಿದೆ. ಅಲ್ಲಿ ಚಾರ್ಲಿ ಕೆಲ್ಲಿ ನಡೆಸಿದ ಮೊದಲ ಸ್ಪರ್ಧೆ 1976ರ ಅಕ್ಟೋಬರ್ 21ರದು, ಅಂದರೆ ಮಿಲ್ ವ್ಯಾಲಿಯ ನಂತರದ್ದು ಎಂದು ಕಾಲಗಣನೆ ಹಿಡಿದು ವಾದಿಸುವವರು ಒಂದನ್ನು ಗಮನಿಸಬೇಕು: ಹಬ್ ಸುಡುವುದಕ್ಕೆ ಸ್ಪರ್ಧೆಯೇ ಬೇಕಿಲ್ಲ, ಇಳಿಜಾರಿದ್ದರೆ ಸಾಕು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಸೈಕಲ್ಲನ್ನು ಬೆಟ್ಟಕ್ಕೆ ತಳ್ಳಿಕೊಂಡು ಹೋಗುವ ಬದಲು ತುಳಿದುಕೊಂಡೇ ಏರುವ ಆಸೆಯಿಂದ ಗೇರು ಬಂತು ಎನ್ನುವುದು ಸವಾರರದೇ ನೆನಪು. ಆ ನೆನಪನ್ನು ನಾನು ತಳ್ಳಿಹಾಕುತ್ತಿಲ್ಲ. ಅದು ಹೇಳುವುದು ಉದ್ದೇಶವನ್ನು, ನಾನು ಕೇಳುತ್ತಿರುವುದು ಸಾಧ್ಯತೆಯನ್ನು. ಒಂದೇ ಸಂಜೆ ಒಂದೇ ಷೆಡ್ಡಿನಲ್ಲಿ ಬ್ರೇಕನ್ನೂ ಗೇರನ್ನೂ ಬದಲಿಸಿದ್ದರೂ ಒಂದು ಇನ್ನೊಂದನ್ನು ಅವಲಂಬಿಸಿತ್ತು ಎಂಬುದು ಅಳಿಯುವುದಿಲ್ಲ. ಜಾನ್ ಫಿನ್ಲೆ ಸ್ಕಾಟ್ 1953ರಲ್ಲೇ ದಪ್ಪ ಟಯರಿಗೆ ಡಿರೈಲರ್ ಸೇರಿಸಿದ್ದರೆಂದು ಜಯಭೇರಿ ಬಾರಿಸುವವರೂ ಇದ್ದಾರೆ. ಸ್ಕಾಟ್ ಮೊದಲಿಗರು, ನಿಜ. ಆದರೆ ಅವರ ಸೈಕಲ್ಲು ಕ್ಯಾಂಟಿಲಿವರ್ ಬ್ರೇಕಿನದು. ಕ್ರೂಸರಿನ ಹಬ್ಬು ಒಡ್ಡಿದ ಸಮಸ್ಯೆಯನ್ನು ಅದು ಬಿಡಿಸಲಿಲ್ಲ, ಬದಿಗೆ ಸರಿಸಿತು.

ಹೀಗೆ ಓದಿದರೆ ಜೋ ಬ್ರೀಜ್ 1977ರಲ್ಲಿ ಕಟ್ಟಿದ ಹೊಸ ಫ್ರೇಮಿನ ಅರ್ಥವೂ ಬದಲಾಗುತ್ತದೆ. ಗಟ್ಟಿತನ, ಹಗುರತನಗಳ ಜೊತೆಗೆ, ಕ್ಯಾಂಟಿಲಿವರ್ ಗೂಟಗಳನ್ನು ಮೊದಲೇ ಬೆಸೆದುಕೊಂಡು ಬ್ರೇಕನ್ನು ಹಬ್ಬಿನಿಂದ ರಿಮ್ಮಿಗೆ ಸಾಗಿಸಿದ್ದು ಅದರ ಸಾಧನೆ. ಅದಕ್ಕೆ ಹಿಂದಿನ ಹಂತದ ದಾಖಲೆ ಉಳಿದಿರುವುದು ಹಳೆಯ ಕ್ಲಂಕರುಗಳ, ಅಂದರೆ ಹೀಗೆ ಮಾರ್ಪಡಿಸಿದ ಕ್ರೂಸರುಗಳ, ಮೈಮೇಲೆ, ಎಡ ಚೈನ್‌ಸ್ಟೇಯಲ್ಲಿ ಪಟ್ಟಿ ಬಿಗಿದು ಬಣ್ಣ ಸವೆದ ಜಾಗದಲ್ಲಿ. ಜೀರ್ಣೋದ್ಧಾರದ ಹೆಸರಿನಲ್ಲಿ ಬಣ್ಣ ಕೆರೆದು ಫಳಫಳ ಹೊಳೆಯಿಸುವ ಸಂಗ್ರಾಹಕರು ಅಳಿಸುತ್ತಿರುವುದು ಆ ದಾಖಲೆಯನ್ನೇ. ಯಾರು ಮೊದಲು ಎಂಬ ವ್ಯಾಜ್ಯವನ್ನು ಮುಂದುವರಿಸುವವರು ಮೊದಲು ಆ ಸವಕಲು ಗುರುತುಗಳನ್ನು ಅಳೆದು ಬರೆದಿಡಲಿ.