ಮನೆಗೊಂದು ಕಾವುಪೆಟ್ಟಿಗೆ: ಕಡಿಮೆ ದುಡ್ಡಿನ ಇನ್‌ಕ್ಯುಬೇಟರ್‌ನಲ್ಲಿ ಏನು ನೋಡಬೇಕು

ನಾಟಿ ಹೇಂಟೆ ಒಂದು ಸಲಕ್ಕೆ ಹತ್ತು ಹನ್ನೆರಡು ಮೊಟ್ಟೆಗೆ ಕಾವು ಕೊಡುತ್ತದೆ. 21 ದಿನ ಬುಟ್ಟಿಯಲ್ಲಿ ಕೂತು, ಆಮೇಲೆ ವಾರಗಟ್ಟಲೆ ಮರಿ ಮೇಯಿಸುತ್ತಾ ತಿರುಗುವ ಅದು ಅಷ್ಟೂ ದಿನ ಮತ್ತೆ ಮೊಟ್ಟೆ ಇಡುವುದಿಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜದಂಥ ಸುಧಾರಿತ ತಳಿಗಳಲ್ಲಿ ಕಾವು ಕೂರುವ ಗುಣವೇ ತೀರಾ ಕಡಿಮೆ. ಹಾಗಾಗಿ ನಾಲ್ಕಾರು ಕೋಳಿ ಸಾಕಿದವರೂ ಈಗ ಇನ್‌ಕ್ಯುಬೇಟರ್ ಹುಡುಕುತ್ತಿದ್ದಾರೆ. ಅಗ್ಗದ ಪೆಟ್ಟಿಗೆಯಲ್ಲೂ ಚೆನ್ನಾಗಿ ಮರಿ ತೆಗೆಯಬಹುದು. ಆದರೆ ದುಡ್ಡು ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂಬುದು ಗೊತ್ತಿರಬೇಕು.

ಪೆಟ್ಟಿಗೆಯ ಅಳತೆ

ಕೊಳ್ಳುವವರು ಮೊದಲು ಕೇಳುವುದು ಎಷ್ಟು ಮೊಟ್ಟೆ ಹಿಡಿಯುತ್ತದೆ ಎಂದು. ಅದಕ್ಕಿಂತ ಮೊದಲು ನಿಮ್ಮ ಮನೆಯಲ್ಲಿ ಒಂದು ವಾರಕ್ಕೆ ಎಷ್ಟು ಮೊಟ್ಟೆ ಸಿಗುತ್ತದೆ ಎಂದು ಎಣಿಸಿ. ಮರಿಗೆ ಇಡುವ ಮೊಟ್ಟೆ ಏಳು ದಿನಕ್ಕಿಂತ ಹಳತಾದರೆ ಮರಿಯಾಗುವ ಪ್ರಮಾಣ ಇಳಿಯುತ್ತಾ ಹೋಗುತ್ತದೆ. ವಾರಕ್ಕೆ ಮೂವತ್ತು ಮೊಟ್ಟೆ ಸಿಗುವ ಮನೆಗೆ ನೂರು ಮೊಟ್ಟೆಯ ಪೆಟ್ಟಿಗೆ ದಂಡ. ಹೊರಕವಚ ಥರ್ಮೋಕೋಲ್‌ನದ್ದಾದರೂ ನಡೆಯುತ್ತದೆ, ಬಿಸಿಯನ್ನು ಅದು ಚೆನ್ನಾಗಿಯೇ ಹಿಡಿದಿಡುತ್ತದೆ. ತೊಳೆಯುವುದು ಮಾತ್ರ ಕಷ್ಟ. ಪ್ಲಾಸ್ಟಿಕ್ ಪೆಟ್ಟಿಗೆ ಬಾಳಿಕೆ ಬರುತ್ತದೆ, ಸೋಪುನೀರಲ್ಲಿ ಉಜ್ಜಬಹುದು.

ಬಿಸಿ: ಇಲ್ಲಿ ಜಿಪುಣತನ ಬೇಡ

ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಕೋಳಿಮೊಟ್ಟೆಗೆ ಬೇಕಾದ ಬಿಸಿ 37.5 ಡಿಗ್ರಿ ಸೆಲ್ಸಿಯಸ್. ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಬಿಸಿಗಾಳಿ ಮೇಲೆ, ತಣ್ಣನೆಯದು ಕೆಳಗೆ ನಿಲ್ಲುವುದರಿಂದ ಮೊಟ್ಟೆಯ ಮೇಲ್ಮಟ್ಟದಲ್ಲಿ 38.5ರ ಆಸುಪಾಸು ಇರಬೇಕಾಗುತ್ತದೆ, ಮೂಲೆಮೂಲೆಗೆ ಬಿಸಿ ಬೇರೆಬೇರೆ. ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಫ್ಯಾನ್ ಇಲ್ಲದ್ದನ್ನು ಕೊಳ್ಳಬೇಡಿ.

ಬಿಸಿ ತುಸು ಕಡಿಮೆಯಾದರೆ ಮರಿ ಒಂದೆರಡು ದಿನ ತಡವಾಗಿ ಬಂದೀತು. ಹೆಚ್ಚಾದರೆ ಒಳಗೇ ಸಾಯುತ್ತದೆ. 40 ಡಿಗ್ರಿ ದಾಟಿ ಕೆಲವು ಗಂಟೆ ನಿಂತರೆ ಇಡೀ ಕಂತು ಹಾಳು. ಅದಕ್ಕೇ ಪೆಟ್ಟಿಗೆಯ ಜೀವ ಇರುವುದು ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್‌ನಲ್ಲಿ. ಮನೆಯಲ್ಲೇ ಪೆಟ್ಟಿಗೆ ಕಟ್ಟುವವರು ಬಳಸುವ ಡಬ್ಲ್ಯು 1209 ಎಂಬ ಪುಟ್ಟ ಥರ್ಮೋಸ್ಟಾಟ್ ಬೋರ್ಡು ಬಲು ಅಗ್ಗ, ಕೆಲಸವನ್ನೂ ಮಾಡುತ್ತದೆ. ಆದರೆ ಕಾವು ಕೊಡುವ ಬಲ್ಬನ್ನು ಹೊತ್ತಿಸಿ ಆರಿಸುವ ಅದರ ರಿಲೇ ಅಂಟಿಕೊಂಡರೆ ಬಲ್ಬು ಆರುವುದೇ ಇಲ್ಲ. ಬಿಸಿ ಮಿತಿಮೀರಿದಾಗ ಕೂಗುವ ಅಲಾರಂ ಇರುವ ಕಂಟ್ರೋಲರ್‌ಗೆ ಒಂದಿಷ್ಟು ಹೆಚ್ಚು ಕೊಡುವುದೇ ಲೇಸು. ಎಕ್ಸ್‌ಎಂ 18ರಂಥವು ಬಿಸಿ, ತೇವ, ಮೊಟ್ಟೆ ತಿರುಗಿಸುವುದು ಮೂರನ್ನೂ ನೋಡಿಕೊಳ್ಳುತ್ತವೆ.

ಪೆಟ್ಟಿಗೆಯ ಮೇಲೆ ಬೆಳಗುವ ಅಂಕಿಯನ್ನು ಕಣ್ಣುಮುಚ್ಚಿ ನಂಬಬಾರದು. ಜ್ವರ ನೋಡುವ ಥರ್ಮಾಮೀಟರ್ ಮನೆಯಲ್ಲಿರುತ್ತದಲ್ಲ, ಅದನ್ನು ಮೊಟ್ಟೆ ಇಡುವ ಜಾಗದಲ್ಲಿಟ್ಟು ಕಾಲು ಗಂಟೆ ಬಿಟ್ಟು ನೋಡಿ. 99.5 ಫ್ಯಾರನ್‌ಹೀಟ್ ಎಂದರೆ ಸರಿಯಾಗಿ 37.5 ಸೆಲ್ಸಿಯಸ್. ಎರಡೂ ತಾಳೆಯಾಗುವ ತನಕ, ಕಡಿಮೆಯೆಂದರೂ ಒಂದು ಹಗಲು ಒಂದು ರಾತ್ರಿ ಪೆಟ್ಟಿಗೆಯನ್ನು ಖಾಲಿಯಾಗಿ ಓಡಿಸಿದ ಮೇಲೆಯೇ ಮೊಟ್ಟೆ ಇಡಿ.

ಬಲ್ಬಿನಿಂದ ಬಿಸಿ ಮಾಡುವುದಾದರೆ ಹಳೆಯ ಕಾಲದ ತಂತಿ ಬಲ್ಬೇ ಬೇಕು, ಎಲ್‌ಇಡಿಯಲ್ಲಿ ಕಾವಿಲ್ಲ. ಒಂದೇ ದೊಡ್ಡ ಬಲ್ಬಿನ ಬದಲು ಎರಡು ಚಿಕ್ಕವು ಇದ್ದರೆ ನಡುರಾತ್ರಿ ಒಂದು ಸುಟ್ಟರೂ ಇನ್ನೊಂದು ಕಾಯುತ್ತದೆ. ಒಟ್ಟು 60 ವ್ಯಾಟ್‌ನ ಬಲ್ಬುಗಳು ದಿನದ ಅರ್ಧ ಹೊತ್ತು ಉರಿಯುತ್ತವೆ ಎಂದಿಟ್ಟುಕೊಂಡರೂ 21 ದಿನಕ್ಕೆ ಬಲ್ಬಿನ ಖರ್ಚು ಸುಮಾರು 15 ಯೂನಿಟ್. ಕರೆಂಟ್ ಬಿಲ್ಲಿಗೆ ಹೆದರಬೇಕಿಲ್ಲ.

ತೇವ: ಊರಿಗೊಂದು ಲೆಕ್ಕ

ಮೊದಲ 18 ದಿನ ಶೇ. 50ರಿಂದ 55, ಕೊನೆಯ ಮೂರು ದಿನ ಶೇ. 65ರಿಂದ 70 ತೇವಾಂಶ ಇರಬೇಕು. ಮಳೆಗಾಲದ ಮಂಗಳೂರಿನಲ್ಲಿ ಮೊದಲ ವಾರಗಳಲ್ಲಿ ಪೆಟ್ಟಿಗೆಯೊಳಗಿನ ತಟ್ಟೆಗೆ ನೀರು ಹಾಕುವ ಅಗತ್ಯವೇ ಬೀಳದಿರಬಹುದು. ಬೇಸಿಗೆಯ ರಾಯಚೂರಿನಲ್ಲಿ ದಿನಾ ನೀರು ತುಂಬಬೇಕು. ಇನ್ನೊಂದು ಮಾತು: ಪೆಟ್ಟಿಗೆಗೆ ಬಿಸಿ ಮಾಡಲು ಬರುತ್ತದೆ, ತಂಪು ಮಾಡಲು ಬರುವುದಿಲ್ಲ. ಕೋಣೆಯೇ 40 ಡಿಗ್ರಿ ಕಾದಿದ್ದರೆ ಥರ್ಮೋಸ್ಟಾಟ್ ಏನೂ ಮಾಡಲಾರದು. ಬಯಲುಸೀಮೆಯವರು ಮನೆಯ ತಂಪಾದ ಒಳಕೋಣೆಯಲ್ಲಿ ಇಡಬೇಕು, ಏಪ್ರಿಲ್ ಮೇ ತಿಂಗಳನ್ನು ಬಿಟ್ಟರೆ ಇನ್ನೂ ಒಳ್ಳೆಯದು.

ಅಗ್ಗದ ತೇವಮಾಪಕಗಳು ಸುಳ್ಳು ಹೇಳುವುದುಂಟು. ಬಾಟಲಿ ಮುಚ್ಚಳದಲ್ಲಿ ಒದ್ದೆ ಉಪ್ಪು ಹಾಕಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಅದು 75 ತೋರಿಸಬೇಕು. 70 ತೋರಿಸಿದರೆ ಮುಂದೆ ಐದು ಕೂಡಿಸಿ ಓದಿ. ಅಡುಗೆಮನೆಯ ತಕ್ಕಡಿಯೂ ಸಹಾಯಕ್ಕೆ ಬರುತ್ತದೆ: 40 ಗ್ರಾಂನ ನಾಟಿ ಮೊಟ್ಟೆ 18ನೇ ದಿನಕ್ಕೆ ಸುಮಾರು 5 ಗ್ರಾಂ ಇಳಿದಿದ್ದರೆ ತೇವ ಹದವಾಗಿದೆ ಎಂದರ್ಥ.

ತಿರುಗಿಸುವುದು

ತಿರುಗಿಸದಿದ್ದರೆ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಕೈಯಿಂದ ಮಾಡುವವರು ಮೊಟ್ಟೆಯ ಎರಡು ಮಗ್ಗುಲಿಗೂ ಪೆನ್ಸಿಲ್ ಗುರುತು ಹಾಕಿ, ದಿನಕ್ಕೆ ಮೂರು ಅಥವಾ ಐದು ಸಲ ಹೊರಳಿಸಬೇಕು. ಬೆಸ ಸಂಖ್ಯೆ ಏಕೆಂದರೆ ದೀರ್ಘ ರಾತ್ರಿಯಲ್ಲಿ ಪ್ರತಿಸಲ ಒಂದೇ ಮಗ್ಗುಲು ಮೇಲಿರಬಾರದು. ಹೊಲಕ್ಕೋ ಕೆಲಸಕ್ಕೋ ಹೋಗುವ ಮನೆಯವರಿಗೆ ಮೋಟಾರು ತಿರುಗಿಸುವ ಮಾದರಿಯೇ ಯೋಗ್ಯ. ಕೊಳ್ಳುವಾಗ ನಿಮ್ಮ ಕೋಳಿಯ ಮೊಟ್ಟೆಯನ್ನೇ ತಿರುಗಿಸುವ ತಟ್ಟೆಯಲ್ಲಿಟ್ಟು ನೋಡಿ, ಫಾರಂ ಮೊಟ್ಟೆಯ ಅಳತೆಯ ಗೂಡಿನಲ್ಲಿ ನಾಟಿ ಮೊಟ್ಟೆ ಸಡಿಲವಾಗಬಹುದು. 18ನೇ ದಿನಕ್ಕೆ ತಿರುಗಿಸುವುದನ್ನು ನಿಲ್ಲಿಸಬೇಕು.

ಕರೆಂಟ್ ಹೋದಾಗ

ಹಳ್ಳಿಗೆ ಕೊಳ್ಳುವುದಾದರೆ 12 ವೋಲ್ಟ್ ಬ್ಯಾಟರಿಯಲ್ಲೂ ಓಡುವ ಮಾದರಿ ಕೇಳಿ. ಅರ್ಧ ಗಂಟೆ ಕರೆಂಟ್ ಹೋಯಿತೆಂದು ಗಾಬರಿ ಬೇಡ, ಕಾವು ಕೂತ ಕೋಳಿಯೂ ಮೇಯಲು ಎದ್ದು ಹೋಗುತ್ತದೆ. ಮುಚ್ಚಳ ತೆಗೆಯದೆ ಮೇಲೊಂದು ಕಂಬಳಿ ಹೊದಿಸಿ, ಗಾಳಿಯ ತೂತು ಮಾತ್ರ ಪೂರ್ತಿ ಮುಚ್ಚಬೇಡಿ.

ಮೊಟ್ಟೆಯೇ ಸರಿಯಿಲ್ಲದಿದ್ದರೆ

ಅಂಗಡಿಯ ಫಾರಂ ಮೊಟ್ಟೆಯಿಂದ ಮರಿಯಾಗುವುದಿಲ್ಲ, ಅಲ್ಲಿ ಹುಂಜವೇ ಇರುವುದಿಲ್ಲ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಇರುವ ಹಿಂಡಿನ, ಕೊಳಕಾಗದ, ಬಿರುಕಿಲ್ಲದ ಮೊಟ್ಟೆ ಆರಿಸಿ. ತೊಳೆಯಬೇಡಿ. ಏಳನೇ ದಿನ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದರೆ ಜೀವ ಇರುವ ಮೊಟ್ಟೆಯಲ್ಲಿ ಜೇಡರಬಲೆಯಂತೆ ಕೆಂಪು ನರಗಳು ಕಾಣುತ್ತವೆ. ತಿಳಿಯಾಗಿ ಕಾಣುವುದನ್ನು ತೆಗೆದುಬಿಡಿ, ಕೊಳೆತು ಒಡೆದರೆ ಉಳಿದವಕ್ಕೂ ಕುತ್ತು.

ಮರಿ ಬಂದ ಮೇಲೆ

ಚಿಪ್ಪು ಒಡೆಯಲು ಶುರುವಾದ ಮೇಲೆ ಮುಚ್ಚಳ ತೆಗೆಯುವ ಆಸೆ ಎಲ್ಲರಿಗೂ ಆಗುತ್ತದೆ. ತೆಗೆದರೆ ತೇವ ಹೋಗಿ ಒಳಪೊರೆ ಒಣಗುತ್ತದೆ, ಮರಿ ಸಿಕ್ಕಿಬೀಳುತ್ತದೆ. ಹೊಟ್ಟೆಯೊಳಗೆ ಎಳೆದುಕೊಂಡ ಹಳದಿ ಲೋಳೆಯ ಬಲದಲ್ಲಿ ಮರಿ ಒಂದು ದಿನ ಮೇವು ನೀರಿಲ್ಲದೆ ಇರಬಲ್ಲದು. ಪುಕ್ಕ ಒಣಗಿದ ಮೇಲೆಯೇ ಹೊರಗೆ ತೆಗೆಯಿರಿ. ಮೊದಲ ವಾರ ಅವಕ್ಕೆ 35 ಡಿಗ್ರಿಯ ಬೆಚ್ಚನೆ ಜಾಗ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬರಬಹುದು. ಆದ್ದರಿಂದ ಇನ್‌ಕ್ಯುಬೇಟರ್ ಕೊಳ್ಳುವ ದಿನವೇ ಮರಿಗಳನ್ನು ಬೆಚ್ಚಗಿಡುವ ಬ್ರೂಡರ್‌ನ ಬಲ್ಬು, ಭತ್ತದ ಹೊಟ್ಟು, ನೀರಿನ ತಟ್ಟೆಗೂ ದುಡ್ಡು ತೆಗೆದಿಡಿ.