ಕೊಳೆರೋಗ: ಇಂಗ್ಲಿಷಿಗೆ ಹೋದ ನಮ್ಮ ಪದ

ಪದದ ಕಥೆ, ಭಾಗ 4 👇

ಕಾಸ್ಟ್ ಅಕೌಂಟಿಂಗ್ ಕ್ಲಾಸಲ್ಲಿ 'ಸ್ಪಾಯ್ಲೇಜ್' ಅಂತ ಕೇಳಿದಾಗ ನಿಮಗೆ ಎಂತ ನೆನಪಾಗ್ತದೆ? ನನಗೆ ಮರದ ಬುಡದಲ್ಲಿ ಉದುರಿ ಬಿದ್ದ ಹಸಿ ಅಡಿಕೆ. ಪುತ್ತೂರು, ಸುಳ್ಯ, ಕಡಬದವರಾದರೆ ನಿಮಗೂ ಅದೇ ಇರಬಹುದು.

ಹಾಳಾಗುವುದಕ್ಕೆ ಇಂಗ್ಲಿಷಿನಲ್ಲಿ ಬೇಕಾದಷ್ಟು ಪದ ಉಂಟು. ಅದರಲ್ಲಿ ಒಂದು ನಮ್ಮಲ್ಲಿಂದಲೇ ಹೋದದ್ದು: ಕೊಳೆರೋಗ. ನಾವು ಮಹಾಳಿ ಅಂತಲೂ ಹೇಳ್ತೇವಲ್ಲ, ಅದೇ.

ಮೊದಲು ಹೋದದ್ದು ಕಾಫಿ ಗಿಡದ ದಾರಿಯಲ್ಲಿ. ಮೈಸೂರು ಸೀಮೆಯ ಕಾಫಿ ಎಲೆ ಕಪ್ಪಾಗಿ ಕೊಳೆಯುತ್ತಿತ್ತು. 1876ರಲ್ಲಿ ಇಂಗ್ಲೆಂಡಿನ ಎಂ. ಸಿ. ಕುಕ್ ಆ ಶಿಲೀಂಧ್ರಕ್ಕೆ 'ಪೆಲಿಕ್ಯುಲೇರಿಯಾ ಕೊಳೆರೋಗ' ಅಂತಲೇ ಹೆಸರಿಟ್ಟರು. 1958ರಲ್ಲಿ ಡಚ್ ವಿಜ್ಞಾನಿ ಡಾಂಕ್ ಅದನ್ನು 'ಕೊಳೆರೋಗ ನಾಕ್ಸಿಯಾ' ಮಾಡಿದರು. ಒಂದು ಪದ ಕನ್ನಡ, ಇನ್ನೊಂದು ಲ್ಯಾಟಿನ್!

ಅಡಿಕೆಯ ಕೊಳೆರೋಗ ಬೇರೆ ಜೀವಿಯದ್ದು. ಕೆನಡಾದಿಂದ ಬಂದು ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಅದು ಫೈಟಾಫ್ತೊರಾ ಅಂತ ತೋರಿಸಿದರು. ಗ್ರೀಕಿನಲ್ಲಿ ಇದರ ಅರ್ಥ 'ಗಿಡ ಹಾಳು ಮಾಡುವಂಥದ್ದು'. 1845ರಿಂದ ಐರ್ಲೆಂಡಿನ ಬಟಾಟೆ ಕೊಳೆಸಿ, ಸುಮಾರು 10 ಲಕ್ಷ ಜನ ಸತ್ತ ಕ್ಷಾಮಕ್ಕೆ ಕಾರಣವಾದದ್ದು ಇದೇ ಕುಲದ್ದು. ಅಂದರೆ ನಮ್ಮ ತೋಟದ ಮಹಾಳಿಯ ಸಂಬಂಧಿಕ, ಮಾರಾಯ್ರೆ!

ಮದ್ದಿನ ಕಥೆಯೂ ಲಾಯ್ಕುಂಟು. ಫ್ರಾನ್ಸಿನ ಬೋರ್ಡೋದಲ್ಲಿ ದಾರಿಹೋಕರು ದ್ರಾಕ್ಷಿ ಕೀಳಬಾರದು ಅಂತ ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತು, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ಬರಲಿಲ್ಲ. ಮಿಲಾರ್ಡೆ ಎಂಬ ಪ್ರೊಫೆಸರ್ ಅದನ್ನು ಗಮನಿಸಿ 1885ರಲ್ಲಿ ಜಗತ್ತಿಗೆ ತಿಳಿಸಿದರು. ಮಲೆನಾಡಿನವರು ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದರು. ಕೋಲ್ಮನ್ ಅವರಿಗೆ ಬೋರ್ಡೋ ಮದ್ದು ಬಿಡುವುದನ್ನು ತೋರಿಸಿಕೊಟ್ಟರು. ಇವತ್ತಿಗೂ ಲೆಕ್ಕ ಅದೇ: 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ.

ಆದರೆ ಮದ್ದು ಗೊತ್ತಿದ್ದರೆ ಸಾಲದು, ಬಿಡಲಿಕ್ಕೆ ಬಿಸಿಲು ಬೇಕು. ಕಳೆದ ಮಳೆಗಾಲದಲ್ಲಿ ನಮಗೆ ಎರಡನೇ ಸಲ ಮದ್ದು ಬಿಡಲಿಕ್ಕೆ ಆಗಲೇ ಇಲ್ಲ. ಮಳೆ ಬಿಟ್ಟ ದಿನ ಮರ ಹತ್ತುವವರು ಸಿಗಲಿಲ್ಲ, ಅವರು ಸಿಕ್ಕಿದ ದಿನ ಮಳೆ ಬಿಡಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ಬುಟ್ಟಿಯಲ್ಲಿ ಕೊಳೆತ ಅಡಿಕೆ ಹೆಕ್ಕಿ ತಂದರು. ನನ್ನ ಫೀಸು ಆ ಮರಗಳಿಂದಲೇ ಬರುವುದು.

ಪರೀಕ್ಷೆಗೆ ಓದುವಾಗ ಅಪ್ಪನಿಗೆ ಹೇಳಿದೆ: ಯಾವಾಗಲೂ ಆಗುವ ನಷ್ಟ ನಾರ್ಮಲ್ ಲಾಸ್, ಉಳಿದ ಒಳ್ಳೆ ಮಾಲಿನ ಮೇಲೆ ಹಾಕಬೇಕು. ನಿರೀಕ್ಷೆ ಮೀರಿದ್ದು ಅಬ್‌ನಾರ್ಮಲ್ ಲಾಸ್.

ಅಪ್ಪ ಕೇಳಿದರು, "ಮಳೆ ಪ್ರತಿ ವರ್ಷ ಬರ್ತದೆ. ಹಾಗಾದರೆ ಇದು ಯಾವುದು ಮಗಾ?"

ನನಗೆ ಉತ್ತರ ಬರಲಿಲ್ಲ.

ಆ ನಷ್ಟ ಯಾವ ಪುಸ್ತಕದಲ್ಲೂ ಎಂಟ್ರಿ ಆಗಿಲ್ಲ. ಆದರೆ ಸೂಕ್ಷ್ಮದರ್ಶಕ ಬರುವ ಮೊದಲೇ ಇಲ್ಲಿನ ಯಾರೋ ಕೊಳೆತದ್ದನ್ನು ನೋಡಿ ಇಟ್ಟ ಹೆಸರು ಮಾತ್ರ ವಿಜ್ಞಾನದ ಪುಸ್ತಕದಲ್ಲಿ ಉಂಟು. ಇನ್ನು ಕ್ಲಾಸಲ್ಲಿ 'ಕೊಳೆರೋಗ' ಅನ್ನಲಿಕ್ಕೆ ನಾಚಿಕೆ ಬೇಡ.

ಅಪ್ಪನ ಪ್ರಶ್ನೆಗೆ ನಿಮ್ಮ ಉತ್ತರ ಎಂತ? ಕಾಮೆಂಟಲ್ಲಿ ಹಾಕಿ. 🌧️

#ಪದದಕಥೆ #ಕೊಳೆರೋಗ #ಪುತ್ತೂರು #ಸುಳ್ಯ #ಕಡಬ