ಪಾನನಿಷೇಧದ ನಾಡಿನಲ್ಲೊಂದು ಬಟ್ಟಿ

ಸಾರಾಯಿಯನ್ನು ನಾವು ಕನ್ನಡದಲ್ಲಿ ‘ಬಟ್ಟಿ ಇಳಿಸುತ್ತೇವೆ’. ಗುಜರಾತಿಗಳು ಅದನ್ನು ‘ಗಾಳುತ್ತಾರೆ’, ಅಂದರೆ ಸೋಸುತ್ತಾರೆ. ನಮ್ಮ ‘ಗಾಳಿಸು’ವಿನ ನೆಂಟ ಪದ. ಅಹಮದಾಬಾದಿನ ಪತ್ರಿಕೆಗಳಲ್ಲಿ ಈ ಕ್ರಿಯಾಪದ ನನಗೆ ಎದುರಾಗುವುದು ಹೆಚ್ಚಾಗಿ ಪೊಲೀಸ್ ದಾಳಿಯ ಸುದ್ದಿಯಲ್ಲಿ. ಆದರೆ ಇದೇ ರಾಜ್ಯದ ವಡೋದರಾದಲ್ಲಿ ಒಂದು ಹಳೆಯ ಕಂಪನಿ ಬಟ್ಟಿಪಾತ್ರೆಯ ಹೆಸರನ್ನೇ ಇಟ್ಟುಕೊಂಡಿದೆ: ಅಲೆಂಬಿಕ್. ಗ್ರೀಕರ ‘ಆಂಬಿಕ್ಸ್’ ಅರಬ್ಬರ ಬಾಯಲ್ಲಿ ‘ಅಲ್-ಅನ್ಬೀಕ್’ ಆಗಿ, ಲ್ಯಾಟಿನ್ ಹಾದು ಯುರೋಪಿಗೆ ಹೋದ ಪದ ಇದು.

ಗ್ಲೈಕೋಡಿನ್ ಕೆಮ್ಮಿನ ಸಿರಪ್ಪಿನಿಂದ ಮನೆಮಾತಾದ ಈ ಕಂಪನಿ 1907ರಲ್ಲಿ ಶುರುವಾದದ್ದು ಟಿಂಕ್ಚರ್ ಮತ್ತು ಆಲ್ಕೋಹಾಲ್ ತಯಾರಿಸಲು. ಔಷಧದ ಸಾರವನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿದರೆ ಟಿಂಕ್ಚರ್, ಬಟ್ಟಿಯಿಲ್ಲದೆ ಅದಿಲ್ಲ. ಇದರ ಹಿಂದಿದ್ದವರಲ್ಲಿ ಒಬ್ಬರು ಸೂರತ್‌ನ ಟಿ. ಕೆ. ಗಜ್ಜರ್. ಬರೋಡಾ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ. 1890ರಲ್ಲಿ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಕಲಾಭವನ ಕಟ್ಟಿದವರು. ಕಂಪನಿಯನ್ನು ಬೆಳೆಸಿದವರು ಭಾಯಿಲಾಲ್ ಅಮೀನ್.

ಸೂರತ್ ಜಿಲ್ಲೆಯ ಹಳ್ಳಿಗಳಲ್ಲಿ ಇನ್ನೊಂದು ಬಟ್ಟಿ ಇತ್ತು. ಆದಿವಾಸಿಗಳು ಮಹುವಾ ಹೂವಿನಿಂದ, ನಮ್ಮ ಇಪ್ಪೆಯ ಒಡಹುಟ್ಟಿದ ಮರದ ಹೂವದು, ಮನೆಬಳಕೆಗೆ ಮದ್ಯ ಇಳಿಸುತ್ತಿದ್ದರು. ಸ್ಕಾಟ್ಲೆಂಡಿನಲ್ಲಿ 1823ರ ಅಬಕಾರಿ ಕಾಯ್ದೆ ಶುಲ್ಕ ಇಳಿಸಿ ಕಳ್ಳಬಟ್ಟಿಯವರಿಗೆ ಪರವಾನಗಿಯ ದಾರಿ ತೆರೆಯಿತು. ಮರುವರ್ಷವೇ ಗ್ಲೆನ್‌ಲಿವೆಟ್‌ನ ಜಾರ್ಜ್ ಸ್ಮಿತ್ ಅದನ್ನು ಪಡೆದ. ಇಲ್ಲಿ 1878ರ ಬಾಂಬೆ ಅಬಕಾರಿ ಕಾಯ್ದೆ ತಿರುವುಮುರುವು ನಡೆಯಿತು. ಹಳ್ಳಿಯ ಬಟ್ಟಿಗಳು ಅಪರಾಧವಾದವು, ಮದ್ಯ ಇಳಿಸುವ ಹಕ್ಕು ಗುತ್ತಿಗೆದಾರರ ಕೇಂದ್ರ ಬಟ್ಟಿಗಳಿಗೆ ಹೋಯಿತು. ತಾವೇ ಮಾಡಿಕೊಳ್ಳುತ್ತಿದ್ದುದನ್ನು ಜನ ಅಂಗಡಿಯಲ್ಲಿ ದುಡ್ಡು ಕೊಟ್ಟು, ಸಾಲ ಮಾಡಿ ಕೊಳ್ಳಬೇಕಾಯಿತು. 1922ರಲ್ಲಿ ಇದೇ ಆದಿವಾಸಿಗಳು ‘ದೇವಿಯ ಅಪ್ಪಣೆ’ ಎಂದು ಹೆಂಡ–ಸಾರಾಯಿ ಬಿಟ್ಟಾಗ, ಅದು ಭಕ್ತಿಯಷ್ಟೇ ಆಗಿರಲಿಲ್ಲ. ಅಂಗಡಿಕಾರನ ಹಿಡಿತದಿಂದ ಬಿಡಿಸಿಕೊಳ್ಳುವ ದಾರಿಯೂ ಆಗಿತ್ತು.

ಆಮೇಲೆ ಬಂದದ್ದು 1949ರ ಬಾಂಬೆ ಪಾನನಿಷೇಧ ಕಾಯ್ದೆ. ಆಲ್ಕೋಹಾಲ್ ಇರುವ ಔಷಧಿ ಮತ್ತು ಪ್ರಸಾಧನಗಳನ್ನು ಈ ನಿಷೇಧಕ್ಕೆ ಸೇರಿಸಿದ್ದು ಸರಿಯಲ್ಲವೆಂದು 1951ರಲ್ಲಿ ಬಲ್ಸಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮದ್ಯದ ಮೇಲಿನ ನಿಷೇಧ ಉಳಿಯಿತು. 1960ರಲ್ಲಿ ಹುಟ್ಟಿದ ಗುಜರಾತ್ ಅದನ್ನು ಮುಂದುವರಿಸಿತು.

ಪಾತ್ರೆಯೊಳಗೆ ನಡೆಯುವುದು ಎರಡೂ ಕಡೆ ಒಂದೇ: ಕಾಯುವುದು, ಆವಿಯಾಗುವುದು, ತಣಿದು ತೊಟ್ಟಿಕ್ಕುವುದು. ವಡೋದರಾದ ಬಟ್ಟಿಗೆ ಪ್ರಾಧ್ಯಾಪಕರು, ಬಂಡವಾಳ, ಹೆಸರು ಎಲ್ಲವೂ ಇದ್ದವು. ಮಹುವಾದ ಬಟ್ಟಿಗೆ ಉಳಿದದ್ದು ದಾಳಿಯ ಸುದ್ದಿಯ ಆ ಒಂದು ಕ್ರಿಯಾಪದ.